ಹಿಂದಿನ ಕೌಂಟರಿನ ಸತ್ಯವತಿ

ಸ್ಯಾನ್ ಲಿಯಾಂಡ್ರೋದ ಹಳೆಯ ಅಂಗಡಿಬೀದಿಯಲ್ಲಿ ಫ್ರೇಟಾಸ್ ಎಂಬ ವಯಸ್ಸಾದವನ ಹಾರ್ಡ್‌ವೇರ್ ಅಂಗಡಿ ಇತ್ತು. ಬಾಗಿಲ ಹೊರಗೆ ಸಲಿಕೆ, ಕುಂಟೆ, ಟೊಮೇಟೊ ಸಸಿ. ಒಳಗೆ ಬಂದರೆ ಮೊಳೆ, ಸ್ಕ್ರೂ, ನಲ್ಲಿ, ಬೀಗ. ಇನ್ನೂ ಒಳಗೆ ಪೇಂಟು. ಎಲ್ಲಕ್ಕಿಂತ ಹಿಂದೆ, ಮೀನು ಹಿಡಿಯುವ ಗಾಳಗಳ ಪಕ್ಕದಲ್ಲಿ, ಒಂದು ಗಾಜಿನ ಕೌಂಟರು. ಗಾಜಿನ ಕೆಳಗೆ ಪಿಸ್ತೂಲುಗಳು. ಹಿಂದಿನ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ರೈಫಲ್ಲುಗಳು. ಅವುಗಳ ಬುಡದ ಕಪಾಟಿನಲ್ಲಿ ತೋಟಾದ ಡಬ್ಬಿಗಳು. ಮೈಸೂರಿನ ಸತ್ಯವತಿ 1982ರಿಂದ ಆ ಕೌಂಟರಿನ ಹಿಂದೆ ನಿಲ್ಲುತ್ತಿದ್ದಳು.

ಅವಳು ಆ ಕೆಲಸಕ್ಕೆಂದು ಬಂದವಳಲ್ಲ. ಗಂಡ ದ್ವಾರಕಾನಾಥ ಓಕ್ಲ್ಯಾಂಡಿನ ಸರ್ಕಾರಿ ಆಫೀಸಿನಲ್ಲಿ ರಸ್ತೆ, ಮೋರಿಗಳ ನಕ್ಷೆ ಬರೆಯುತ್ತಿದ್ದ. ಮಗಳು ಮೈಥಿಲಿ ಸ್ಕೂಲಿಗೆ ಹೋಗತೊಡಗಿದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತಿರಲು ಆಗದೆ, ನಡೆದು ಹೋಗುವಷ್ಟು ಹತ್ತಿರವಿದ್ದ ಈ ಅಂಗಡಿಗೆ ಕ್ಯಾಷಿಯರಾಗಿ ಸೇರಿದ್ದಳು. ಅವಳ ತಂದೆ ಮೈಸೂರಿನ ಶಿವರಾಂಪೇಟೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದವರು. ಗಿರಾಕಿಗಳ ಮುಖ ನೋಡಿ ಮಾತನಾಡುವುದನ್ನು ಅವಳು ಅಲ್ಲೇ ಕಲಿತಿದ್ದಳು. ಹಿಂದಿನ ಕೌಂಟರಿನ ಮನುಷ್ಯ ರಿಟೈರಾದಾಗ ಫ್ರೇಟಾಸ್ ಅವಳನ್ನು ಕರೆದು, "ಬಂದೂಕಿನ ಕೆಲಸ ಅಂದರೆ ಮುಕ್ಕಾಲು ಪಾಲು ಫಾರಂ ತುಂಬೋದು. ನಿನ್ನ ಅಕ್ಷರ ಚೆನ್ನಾಗಿದೆ. ನಿಂಗೆ ಹರಟೆ ಚಟವೂ ಇಲ್ಲ," ಎಂದ.

ಮೊದಮೊದಲು ಆ ಕಬ್ಬಿಣ ಮುಟ್ಟಿದರೆ ಅವಳ ಕೈ ತಣ್ಣಗಾಗುತ್ತಿತ್ತು. ಪಿಸ್ತೂಲು ಖಾಲಿ ಇದೆಯೆಂದು ಗೊತ್ತಿದ್ದರೂ ಗಿರಾಕಿಯ ಕೈಗೆ ಕೊಡುವ ಮುಂಚೆ ತೆರೆದು ನೋಡಬೇಕು, ಅವನಿಂದ ವಾಪಸು ಬಂದಾಗ ಮತ್ತೆ ತೆರೆದು ನೋಡಬೇಕು ಎಂದು ಫ್ರೇಟಾಸ್ ಕಲಿಸಿದ. ಕೆಲವು ತಿಂಗಳಲ್ಲಿ ಅದು ಅಕ್ಕಿ ಆರಿಸಿದಷ್ಟು ಸಲೀಸಾಯಿತು. ಜಿಂಕೆ ಬೇಟೆಯ ಕಾಲದಲ್ಲಿ ಗಂಡಸರು ಬೆಳಗ್ಗೆಯೇ ಬಂದು ರೈಫಲ್ಲು, ತೋಟಾ, ಕಾಫಿಗೊಂದು ಥರ್ಮಾಸು ಕೊಂಡು ಹಾಗೇ ಬೆಟ್ಟದ ಕಡೆ ಹೊರಟುಬಿಡುತ್ತಿದ್ದರು. ಬಾತುಕೋಳಿಯ ಕಾಲ ಬಂದರೆ ಷಾಟ್‌ಗನ್ನಿನ ತೋಟಾಕ್ಕೆ ಸಾಲು. ಎಲ್ಲಾದರೂ ಮನೆಗಳ್ಳತನದ ಸುದ್ದಿ ಪೇಪರಿನಲ್ಲಿ ಬಂತೆಂದರೆ ಒಂಟಿ ಹೆಂಗಸರು ಬಂದು ಚಿಕ್ಕ ಪಿಸ್ತೂಲು ಕೇಳುತ್ತಿದ್ದರು. ಪಿಸ್ತೂಲನ್ನು ಮಾತ್ರ ಅಂದೇ ಕೊಡುವಂತಿರಲಿಲ್ಲ. ಫಾರಂ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋಗೆ ಹೋಗಿ, ಹದಿನೈದು ದಿನದೊಳಗೆ ಅಲ್ಲಿಂದ 'ಕೊಡಬೇಡಿ' ಎಂಬ ಉತ್ತರ ಬರದಿದ್ದರೆ ಗಿರಾಕಿ ಬಂದು ಒಯ್ಯಬಹುದು. ಅಲ್ಲಿಯವರೆಗೆ ಅದು ಹೆಸರಿನ ಚೀಟಿ ಕಟ್ಟಿಸಿಕೊಂಡು ಅಂಗಡಿಯ ಬೀರುವಿನಲ್ಲಿ ಇರಬೇಕು.

ಕನ್ನಡ ಕೂಟದ ಊಟಗಳಲ್ಲಿ ಅವಳ ಕೆಲಸ ಒಂದು ತಮಾಷೆಯಾಗಿತ್ತು. ಮಡಿ ಮಾಡುವ ಮನೆಯ ಹೆಂಗಸು ಗುಂಡು ಮಾರುತ್ತಾಳೆ ಎಂದು ಡಾಕ್ಟರುಗಳೂ ಎಂಜಿನಿಯರುಗಳೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. "ಮೊಳೆ ಮಾರ್ದಂಗೇ ಇದೂನೂ. ತಗೊಂಡು ಹೋಗೋರು ಏನ್ ಮಾಡ್ತಾರೆ ಅಂತ ನಾವು ಕೇಳೋಕಾಗತ್ತಾ?" ಎನ್ನುತ್ತಿದ್ದಳು. ಅದನ್ನು ಅವಳು ನಂಬಿದ್ದಳು ಕೂಡ.

1986ರ ಅಕ್ಟೋಬರಿನ ಒಂದು ಸೋಮವಾರ, ಫ್ರೇಟಾಸ್ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ, ವ್ಯಾಸರಾಜ ಅಂಗಡಿಗೆ ಬಂದ.

ವ್ಯಾಸರಾಜ ಫ್ರೀಮಾಂಟಿನಲ್ಲಿದ್ದ ಎಂಜಿನಿಯರು, ಬೆಂಗಳೂರಿನ ಬಸವನಗುಡಿಯವನು. ಕೂಟದ ಯಾವುದೇ ಪೂಜೆಯಲ್ಲಿ ದೇವರನಾಮ ಹೇಳುವವನು ಅವನೇ. ಸಣ್ಣ ದನಿ, ನಯವಾದ ಮಾತು; ಹಿರಿಯ ಹೆಂಗಸರನ್ನೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ. ಅವನ ಹೆಂಡತಿ ನಿರುಪಮಾ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದಳು. ಅವರಿಗೆ ಐದಾರು ವರ್ಷದ ಒಬ್ಬ ಮಗಳು. ಆ ವರ್ಷದ ಯುಗಾದಿ ಊಟದಲ್ಲಿ ನಿರುಪಮಾಳ ಮಣಿಕಟ್ಟು ಕಪ್ಪಗಾಗಿದ್ದುದನ್ನು ಸತ್ಯವತಿ ನೋಡಿದ್ದಳು. ಕೇಳಿದ್ದಕ್ಕೆ ಕಾರಿನ ಬಾಗಿಲು ತಾಗಿತು ಎಂದಿದ್ದಳು. ಸೆಪ್ಟೆಂಬರಿನಲ್ಲಿ ಯಾರೋ ಫೋನಿನಲ್ಲಿ, ನಿರುಪಮಾ ಮಗಳನ್ನು ಕರೆದುಕೊಂಡು ಮನೆ ಬಿಟ್ಟಿದ್ದಾಳಂತೆ, ಬರ್ಕ್ಲಿಯಲ್ಲಿ ಚಿಕ್ಕ ಅಪಾರ್ಟ್‌ಮೆಂಟು ಹಿಡಿದಿದ್ದಾಳಂತೆ ಎಂದು ಹೇಳಿದ್ದರು. ಇಂಥ ಮಾತುಗಳಿಗೆ ಸತ್ಯವತಿ ಕಿವಿಗೊಡುತ್ತಿರಲಿಲ್ಲ.

"ಏನ್ ಸತ್ಯಕ್ಕ, ಚೆನ್ನಾಗಿದೀರಾ? ನಿಮ್ಮ ಅಂಗಡಿ ನೋಡೇ ಇರ್ಲಿಲ್ಲ," ಎಂದ ವ್ಯಾಸರಾಜ. ನಮ್ಮ ಕಡೆ ಕಳ್ಳರ ಕಾಟ ಜಾಸ್ತಿಯಾಗಿದೆ, ಪಕ್ಕದ ಬೀದಿಯಲ್ಲಿ ಎರಡು ಮನೆ ಒಡೆದರು ಎಂದು ಹೇಳಿ ಗಾಜಿನ ಮೇಲೆ ಬಾಗಿ ನೋಡಿದ. ಅವಳು ತೆಗೆದುಕೊಟ್ಟ ಪಿಸ್ತೂಲುಗಳನ್ನು ತರಕಾರಿ ನೋಡುವವನ ಹಾಗೆ ಕೈಯಲ್ಲಿ ತೂಗಿ ನೋಡಿ ಒಂದನ್ನು ಆರಿಸಿದ.

"ಇವತ್ತೇ ತಗೊಂಡು ಹೋಗ್ಬಹುದಾ?"

"ಇಲ್ಲ, ಹದಿನೈದು ದಿನ ಆಗತ್ತೆ. ಇಪ್ಪತ್ತೊಂದನೇ ತಾರೀಖು ಬನ್ನಿ."

"ನೀವೇ ಇದೀರಲ್ಲ ಸತ್ಯಕ್ಕ, ಪರಿಚಯದೋರು."

"ನನ್ ಕೈಲಿ ಇಲ್ಲ. ಗೌರ್ಮೆಂಟ್ ರೂಲ್ಸು."

ಅವನು ನಕ್ಕು, ಆಗಲಿ ಎಂದ. ಅವಳು ಫಾರಂ ತುಂಬಿದಳು. ಜೈಲಿಗೆ ಹೋಗಿದ್ದೀರಾ, ಮಾನಸಿಕ ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದಿರಾ ಎಂಬ ಪ್ರಶ್ನೆಗಳನ್ನು ಪರಿಚಯದವನ ಮುಂದೆ ಓದಲು ಅವಳಿಗೇ ನಾಚಿಕೆಯಾಯಿತು. ಎಲ್ಲಕ್ಕೂ ಇಲ್ಲ ಎಂದು ಅವನು ಸಹಿ ಹಾಕಿದ. ಕಾಗದ ಮಡಿಸುತ್ತ ಮಾತಿಗೆಂದು ಅವಳು ಕೇಳಿದಳು: "ನಿರುಪಮಾ ಹೇಗಿದಾಳೆ?"

"ಚೆನ್ನಾಗಿದಾಳೆ. ಇವತ್ತು ರಜ, ಮನೇಲೇ ಇದಾಳೆ. ಬೆಳಿಗ್ಗೆ ಅವಳು ಮಾಡಿದ ಉಪ್ಪಿಟ್ಟು ತಿಂದೇ ಬಂದೆ," ಎಂದ ವ್ಯಾಸರಾಜ.

ಸುಳ್ಳು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಚೆನ್ನಾಗಿದಾಳೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಅವನು ಹೋದ ಮೇಲೂ ಅವಳು ಆ ಕಾಗದವನ್ನು ಹಿಡಿದುಕೊಂಡೇ ನಿಂತಿದ್ದಳು.

ಫ್ರೇಟಾಸ್ ಬಂದಾಗ ಅವಳು ವಿಷಯ ಹೇಳಿದಳು: ನಮಗೆ ಗೊತ್ತಿರುವವನೊಬ್ಬ ಪಿಸ್ತೂಲಿಗೆ ಬರೆಸಿ ಹೋಗಿದ್ದಾನೆ, ಅವನ ಹೆಂಡತಿ ಅವನನ್ನು ಬಿಟ್ಟುಹೋಗಿದ್ದಾಳೆ, ಅದನ್ನು ಅವನಿಗೆ ಕೊಡಬಾರದು. ಹಲ್ಲು ಕೀಳಿಸಿಕೊಂಡು ದವಡೆ ಹಿಡಿದಿದ್ದ ಮುದುಕ ತಾಳ್ಮೆಯಿಂದ ಕೇಳಿದ.

"ಹೊಡೆದಾ? ಕೇಸು ಇದೆಯಾ?"

"ಗೊತ್ತಿಲ್ಲ. ಹೊಡೆದಿರಬೇಕು."

"ಹೆಂಡತಿ ಬಿಟ್ಟುಹೋದಳು ಅಂತ ನಾನು ಮಾರದೇ ಇದ್ದರೆ ಈ ಅಂಗಡಿಗೆ ಅರ್ಧ ಜನ ಬರೋ ಹಾಗಿಲ್ಲ ಸತ್ಯಾ. ಸ್ಯಾಕ್ರಮೆಂಟೋದವರು ಬೇಡ ಅಂದರೆ ಬೇಡ. ಮತ್ತೆ, ಹದಿನೈದು ದಿನ ಇದೆಯಲ್ಲ. ಮನುಷ್ಯ ತಣ್ಣಗಾಗಲಿ ಅಂತಲೇ ಆ ದಿನಗಳನ್ನ ಇಟ್ಟಿರೋದು."

ಆ ಕೊನೆಯ ಮಾತು ಅವಳ ಮನಸ್ಸಿನಲ್ಲಿ ನಿಂತಿತು.

ಮನೆಯಲ್ಲಿ ದ್ವಾರಕಾನಾಥ, "ಗಿರಾಕಿ ವಿಷಯ ಹೊರಗೆ ಹೇಳಿದ್ರೆ ನಿನ್ ಕೆಲಸ ಹೋಗತ್ತೆ. ನಮಗ್ಯಾಕೆ?" ಎಂದ. ಊಟ ಮಾಡುತ್ತಿದ್ದ ಮೈಥಿಲಿ ತಲೆ ಎತ್ತಿ ಇಂಗ್ಲಿಷಿನಲ್ಲಿ, ನಿನಗೆ ಹೆದರಿಕೆ ಆಗಿರುವುದು ನಿನಗೆ ಗೊತ್ತಿರುವವನು ಅಂತಲಾ, ಗೊತ್ತಿಲ್ಲದವರಿಗೆ ದಿನಾ ಮಾರುತ್ತೀಯಲ್ಲ ಎಂದು ಕೇಳಿದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಹದಿನಾಲ್ಕರ ಹುಡುಗಿ ತಿಳಿಯದೆ ಕೇಳಿದ್ದಳು.

ಮಾರನೆಯ ದಿನ ಅವಳು ಲಾಸ್ ಆಲ್ಟೋಸಿನ ಡಾಕ್ಟರ್ ವೆಂಕಟಾಚಲ ಅವರಿಗೆ ಫೋನು ಮಾಡಿದಳು. ಕೂಟಕ್ಕೆ ಅವರು ಹಿರಿಯರು. ವ್ಯಾಸರಾಜನಿಗೆ ಮೊದಲ ಕೆಲಸ ಸಿಗುವಾಗ ಶಿಫಾರಸು ಮಾಡಿದ್ದವರು.

"ಸತ್ಯವತಿಯವರೇ, ಸಂಸಾರ ಅಂದ್ಮೇಲೆ ಒಂದ್ ಮಾತು ಬರತ್ತೆ, ಹೋಗತ್ತೆ," ಎಂದರು ಅವರು. "ವ್ಯಾಸು ಎಂಥ ಹುಡುಗ ಅಂತ ನಮಗೆಲ್ಲ ಗೊತ್ತಲ್ಲ. ನಾನು ಒಂದ್ಸಲ ಮಾತಾಡ್ತೀನಿ. ನೀವು ಇದನ್ನ ನಾಲ್ಕು ಜನರ ಹತ್ರ ಹೇಳ್ಬೇಡಿ."

ಪೋಲೀಸರಿಗೂ ಫೋನು ಮಾಡಿದಳು. ಆ ಕಡೆಯ ಹೆಂಗಸು ಎಲ್ಲ ಕೇಳಿಸಿಕೊಂಡು, ಕಾನೂನಿನ ಪ್ರಕಾರ ಕೊಂಡರೆ ಅದು ಅಪರಾಧವಲ್ಲ, ಹೆಂಡತಿಯೇ ಬಂದು ದೂರು ಕೊಡಬೇಕು ಎಂದಳು.

ಬುಧವಾರ ಸತ್ಯವತಿಗೆ ವಾರದ ರಜ. ಅವಳು ರೈಲು ಹತ್ತಿ ಓಕ್ಲ್ಯಾಂಡಿಗೆ ಹೋಗಿ ಆಸ್ಪತ್ರೆಯ ಲ್ಯಾಬಿನ ಮುಂದೆ ಕಾದಳು. ಊಟದ ಹೊತ್ತಿಗೆ ನಿರುಪಮಾ ಬಿಳಿ ಕೋಟಿನಲ್ಲೇ ಹೊರಗೆ ಬಂದಳು. ಮೊದಲಿಗಿಂತ ಇಳಿದುಹೋಗಿದ್ದಳು. ಇಬ್ಬರೂ ಕ್ಯಾಂಟೀನಿನಲ್ಲಿ ಗೋಡೆ ಕಡೆಯ ಟೇಬಲ್ಲಿನಲ್ಲಿ ಕೂತರು.

"ನಿರುಪಮಾ, ನಿಮ್ಮೋರು ಪಿಸ್ತೂಲಿಗೆ ಬರೆಸಿದಾರೆ. ಇನ್ನೂ ಕೈಗೆ ಬಂದಿಲ್ಲ."

ನಿರುಪಮಾ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. "ಎಲ್ಲಿ?"

"ನಮ್ಮಂಗಡೀಲೇ. ನಾನೇ ಫಾರಂ ತುಂಬಿದ್ದು."

"ನೀವು ಇಲ್ಲ ಅನ್ನಬಹುದಿತ್ತಲ್ವಾ ಸತ್ಯಕ್ಕ?"

"ಸಹಿ ಆದ್ಮೇಲೆ ನಿನ್ ಬಗ್ಗೆ ಕೇಳ್ದೆ. ಮನೇಲೇ ಇದಾಳೆ ಅಂದ್ರು. ಆಗ ಭಯ ಆಯ್ತು."

ನಿರುಪಮಾ ಹೇಳಿದಳು: "ಬಿಟ್ಟು ಹೋದ್ರೆ ಹುಡುಕ್ಕೊಂಡು ಬರ್ತೀನಿ ಅಂತ ಹೇಳಿದ್ರು. ಕೂಗಾಡಿ ಹೇಳಿದ್ದಲ್ಲ. ಪಾತ್ರೆ ಒರೆಸ್ತಾ ಹೇಳಿದ್ರು. ಅದಕ್ಕೇ ನಾನು ಹೊರಟಿದ್ದು."

"ಕಂಪ್ಲೇಂಟು ಕೊಡು."

"ಕೊಟ್ರೆ ಇನ್ನೂ ಸಿಟ್ಟು ಬರತ್ತೆ. ನ್ಯೂಜೆರ್ಸಿಲಿ ಅಕ್ಕ ಇದಾಳೆ, ಬಾ ಅಂತಿದಾಳೆ. ಹೋಗ್ಬಿಡ್ತೀನಿ. ಎಷ್ಟು ದಿನ ಇದೆ?"

"ಇಪ್ಪತ್ತೊಂದರ ತನಕ ಅವರ ಕೈಗೆ ಸಿಗಲ್ಲ. ಅದು ಗ್ಯಾರಂಟಿ. ನಾನೇ ಬೀರುವಿನಲ್ಲಿ ಇಟ್ಟಿದೀನಿ."

"ಹಾಗಾದ್ರೆ ಟೈಮಿದೆ," ಎಂದಳು ನಿರುಪಮಾ. ಅವಳ ಮುಖ ಸ್ವಲ್ಪ ಸಡಿಲವಾಯಿತು. ಹದಿನೆಂಟಕ್ಕೆ ವಿಮಾನದ ಟಿಕೆಟ್ಟು ತೆಗೆಸುತ್ತೇನೆ, ಅಷ್ಟರೊಳಗೆ ಲ್ಯಾಬಿಗೆ ರಾಜೀನಾಮೆ ಕೊಡಬೇಕು, ಮಗಳ ಸ್ಕೂಲಿಗೆ ಹೇಳಬೇಕು ಎಂದು ಬೆರಳು ಮಡಿಸಿದಳು. ಹೊರಡುವಾಗ ಸತ್ಯವತಿಯ ಕೈ ಹಿಡಿದು, "ಬಂದು ಹೇಳಿದ್ರಲ್ಲ, ಅಷ್ಟು ಸಾಕು," ಎಂದಳು. ರೈಲಿನಲ್ಲಿ ವಾಪಸು ಬರುವಾಗ ಸತ್ಯವತಿಗೆ ಸೋಮವಾರದಿಂದ ಮೊದಲ ಸಲ ಉಸಿರು ಸರಾಗವಾಗಿ ಆಡಿತು.

ಮುಂದಿನ ವಾರ ಏನಾಯಿತು ಎಂಬುದು ಎಲ್ಲರಿಗೂ ಆಮೇಲೆ ತಿಳಿಯಿತು. ವ್ಯಾಸರಾಜನ ಕಂಪನಿ ಅವನನ್ನು ಆಗಸ್ಟಿನಲ್ಲೇ ಕೆಲಸದಿಂದ ತೆಗೆದಿತ್ತು. ಅವನು ಯಾರಿಗೂ ಹೇಳದೆ ದಿನಾ ಟೈ ಕಟ್ಟಿಕೊಂಡು ಕಾರು ತೆಗೆದು, ಫ್ರೀವೇಯಲ್ಲಿ ಸುತ್ತಾಡಿ ಮನೆಗೆ ಬರುತ್ತಿದ್ದ. ಆ ವಾರದ ಬುಧವಾರ, ಸತ್ಯವತಿಯ ರಜದ ದಿನ, ಅವನು ಮತ್ತೆ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದ. ಗುರುವಾರ ಮಧ್ಯಾಹ್ನ ನಿರುಪಮಾ, ಅವನು ಆಫೀಸಿನಲ್ಲಿರುತ್ತಾನೆ ಎಂದುಕೊಂಡು, ಮಗಳ ಪಾಸ್‌ಪೋರ್ಟು ಮತ್ತು ತನ್ನ ಸರ್ಟಿಫಿಕೇಟುಗಳನ್ನು ತರಲು ಫ್ರೀಮಾಂಟಿನ ಮನೆಗೆ ಹೋದಳು. ಬಾಗಿಲು ತೆರೆದಾಗ ಅವನು ಹಾಲಿನಲ್ಲೇ ಕೂತಿದ್ದ. ಅವಳು ತಿರುಗಿ ಓಡಿದಳು. ಅಂಗಳ ದಾಟುವಷ್ಟರಲ್ಲಿ ಗುಂಡು ಬಲಗಡೆಯ ಹೆಗಲಿಗೆ ಬಿತ್ತು. ಎದುರು ಮನೆಯ ಮುದುಕಿಯೊಬ್ಬಳು ಅವಳನ್ನು ತನ್ನ ಕಾರುಶೆಡ್ಡಿನೊಳಗೆ ಎಳೆದುಕೊಂಡು ಶಟರು ಇಳಿಸಿ ಪೋಲೀಸರಿಗೆ ಫೋನು ಮಾಡಿದಳು. ಪೋಲೀಸರು ಬರುವ ಮುಂಚೆ ವ್ಯಾಸರಾಜ ಒಳಗೆ ಹೋಗಿ ತನ್ನ ಪ್ರಾಣವನ್ನೂ ತೆಗೆದುಕೊಂಡಿದ್ದ. ಮಗು ಸ್ಕೂಲಿನಲ್ಲಿತ್ತು.

ಅಂಗಡಿಗೆ ಪೋಲೀಸರ ಫೋನು ಬಂದದ್ದು ಅದೇ ಸಂಜೆ. ಫ್ರೇಟಾಸ್ ರಿಸೀವರು ಹಿಡಿದುಕೊಂಡೇ ಫೈಲು ತೆಗೆದು, ರೈಫಲ್ಲಿನ ನಂಬರು ಓದಿ, ಹೌದು, ನಿನ್ನೆ, ಇಲ್ಲೇ ಎಂದ. ಹೆಸರನ್ನು ಅಕ್ಷರ ಅಕ್ಷರವಾಗಿ ಓದತೊಡಗಿದಾಗ, ಪಕ್ಕದಲ್ಲಿ ತೋಟಾದ ಡಬ್ಬಿ ಜೋಡಿಸುತ್ತಿದ್ದ ಸತ್ಯವತಿಗೆ ಮೂರನೆಯ ಅಕ್ಷರಕ್ಕೇ ಗೊತ್ತಾಗಿಹೋಯಿತು.

ಫೋನು ಇಟ್ಟು ಅವನು ಫೈಲನ್ನು ಅವಳ ಕಡೆ ತಿರುಗಿಸಿದ.

"ಪಿಸ್ತೂಲಿನವನು ಇವನೇನಾ?"

"ಇವನೇ."

"ನಾನು ಅವನನ್ನ ನೋಡಿರಲಿಲ್ಲ ಸತ್ಯಾ. ನಿಮ್ಮ ಹೆಸರುಗಳೆಲ್ಲ ನನಗೆ ಒಂದೇ ಥರ ಉದ್ದ ಕಾಣ್ತವೆ. ಸತ್ಯಾ ಇಲ್ಲವಾ ಅಂತ ನಗುತ್ತಾ ಕೇಳಿದ. ನಿಮ್ಮವನು, ಒಳ್ಳೆಯವನು ಅಂದುಕೊಂಡೆ. ಜಿಂಕೆ ಬೇಟೆಗೆ ಅಂದ. ಯಾವುದಕ್ಕೆ ಕಾಯೋದು ಬೇಡ ಅಂತ ಕೇಳಿದ. ಇವಕ್ಕೆ ಅಂತ ಗೋಡೆ ತೋರಿಸಿದೆ."

ಸತ್ಯವತಿ ಗೋಡೆಯ ಕಡೆ ನೋಡಿದಳು. ಒಂದು ಜಾಗ ಖಾಲಿ ಇತ್ತು. ಬೆಳಗ್ಗೆಯಿಂದ ಆ ಗೋಡೆಯ ಮುಂದೆಯೇ ನಿಂತಿದ್ದರೂ ಅವಳು ಅದನ್ನು ಗಮನಿಸಿರಲಿಲ್ಲ. ರೈಫಲ್ಲಿಗೆ ಕಾಯಬೇಕಾಗಿಲ್ಲ ಎಂಬುದು ಅವಳಿಗೆ ಹೊಸದೇನಾಗಿರಲಿಲ್ಲ. ನಾಲ್ಕು ವರ್ಷದಿಂದ ಬೇಟೆಯವರಿಗೆ ಅವಳೇ ಆ ಸರಪಳಿ ಬಿಚ್ಚಿ ಕೊಡುತ್ತಿದ್ದಳು. ಆದರೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಗ್ಯಾರಂಟಿ ಎಂದಾಗ ಅವಳಿಗೆ ಬೀರುವಿನಲ್ಲಿದ್ದ ಪಿಸ್ತೂಲೊಂದೇ ಕಂಡಿತ್ತು.

ಅವಳು ಆಸ್ಪತ್ರೆಗೆ ಹೋದದ್ದು ಮುಂದಿನ ವಾರ, ಇನ್ನು ನೋಡಬಹುದು ಎಂದು ಅಲ್ಲಿಂದ ಹೇಳಿಕಳಿಸಿದ ಮೇಲೆ. ಡಾಕ್ಟರುಗಳು ನಿರುಪಮಾಳ ಜೀವ ಉಳಿಸಿದ್ದರು. ಬಲಗೈಯ ನರಗಳು ಹರಿದುಹೋಗಿದ್ದವು. ಕೈ ಇರುತ್ತದೆ, ಬೆರಳು ಆಡುವುದಿಲ್ಲ ಎಂದಿದ್ದರು. ಮಂಚದ ಪಕ್ಕದಲ್ಲಿ ನ್ಯೂಜೆರ್ಸಿಯಿಂದ ಬಂದ ಅಕ್ಕ ಕೂತಿದ್ದಳು. ಸತ್ಯವತಿ ಬಂದದ್ದು ಕಂಡು, ಕಾಫಿ ತರುತ್ತೇನೆಂದು ಎದ್ದುಹೋದಳು.

"ಇಪ್ಪತ್ತೊಂದರ ತನಕ ಅಂದ್ರಲ್ಲ ನೀವು," ಎಂದಳು ನಿರುಪಮಾ. ದನಿ ಬತ್ತಿತ್ತು. "ಅದಕ್ಕೇ ಒಬ್ಬಳೇ ಹೋದೆ. ಇಲ್ದಿದ್ರೆ ಜೊತೆಗೆ ಪೋಲೀಸರನ್ನ ಕರ್ಕೊಂಡು ಹೋಗೋಣ ಅಂತಿದ್ದೆ. ಸುಮ್ನೆ ಗಲಾಟೆ ಯಾಕೆ, ಇನ್ನೂ ದಿನ ಇದೆಯಲ್ಲ ಅನ್ಕೊಂಡೆ."

"ರೈಫಲ್ಲು ಅದೇ ದಿನ ಕೊಡ್ತಾರೆ. ನನಗೆ ಗೊತ್ತಿತ್ತು. ನಾನೇ ಕೊಡ್ತಿದ್ದೆ. ನಿನ್ ಹತ್ರ ಕೂತಾಗ ಹೊಳೀಲಿಲ್ಲ ಕಣೇ."

ನಿರುಪಮಾ ಅವಳನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ನಿದ್ದೆ ಬರುತ್ತಿದೆ ಎಂದು ಕಣ್ಣು ಮುಚ್ಚಿದಳು.

ವ್ಯಾಸರಾಜನ ಕರ್ಮಗಳನ್ನು ಬೆಂಗಳೂರಿನಿಂದ ಬಂದ ಅವನ ಅಣ್ಣ ಮಾಡಿದ. ವೈಕುಂಠ ಸಮಾರಾಧನೆಯ ದಿನ ವೆಂಕಟಾಚಲ ಅವರು ಎದ್ದು ನಿಂತು, ಅವನ ಕಂಠ ಎಂಥದಿತ್ತು, ದೇವರು ಅವನಿಗೆ ಯಾಕೆ ಇಂಥ ಬುದ್ಧಿ ಕೊಟ್ಟನೋ ಎಂದು ಕಣ್ಣೊರೆಸಿಕೊಂಡರು. ಊಟದ ಸಾಲಿನಲ್ಲಿ ಸತ್ಯವತಿಯ ಪಕ್ಕದಲ್ಲಿದ್ದ ಹೆಂಗಸೊಬ್ಬಳು ತಟ್ಟೆ ತೆಗೆದುಕೊಂಡು ಬೇರೆ ಕಡೆ ಹೋಗಿ ಕೂತಳು. ಬಂದೂಕು ಮಾರಿದವಳು ಇವಳೇ ಎಂದು ಕೆಲವರು ಅಂದರು. ಇವಳು ಹೋಗಿ ಕಿವಿ ಊದಿದ್ದರಿಂದಲೇ ನಿರುಪಮಾ ಊರು ಬಿಡಲು ಹೊರಟಳು, ಇಲ್ಲದಿದ್ದರೆ ಹೇಗೋ ಸರಿಹೋಗುತ್ತಿತ್ತು ಎಂದು ಇನ್ನು ಕೆಲವರು. ಎರಡೂ ಮಾತು ಅವಳ ಕಿವಿಗೆ ಬಿದ್ದವು. ಊಟ ಮುಗಿಸಿ, ಎಲ್ಲರ ಜೊತೆ ಪಾತ್ರೆ ತೊಳೆದುಕೊಟ್ಟೇ ಮನೆಗೆ ಬಂದಳು. ಆಮೇಲೆ ಕೂಟದ ಕಡೆ ಹೋಗಲಿಲ್ಲ.

ಆ ಇಪ್ಪತ್ತೊಂದನೇ ತಾರೀಖು ಮಂಗಳವಾರ ಬಂದಿತ್ತು. ಸ್ಯಾಕ್ರಮೆಂಟೋದಿಂದ ಯಾವ ಉತ್ತರವೂ ಬಂದಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ವ್ಯಾಸರಾಜನಿಗೆ ಪಿಸ್ತೂಲು ಒಯ್ಯಲು ಅಡ್ಡಿಯಿರಲಿಲ್ಲ. ಬೀರು ತೆಗೆದಾಗ ಅವನ ಹೆಸರಿನ ಚೀಟಿ ಸತ್ಯವತಿಯದೇ ದುಂಡನೆಯ ಅಕ್ಷರದಲ್ಲಿ ನೇತಾಡುತ್ತಿತ್ತು. ಫ್ರೇಟಾಸ್ ದಾರ ಕತ್ತರಿಸಿ, ಪಿಸ್ತೂಲನ್ನು ಬಟ್ಟೆಯಲ್ಲಿ ಒರೆಸಿ, ಗಾಜಿನ ಕೆಳಗೆ ಮೊದಲಿದ್ದ ಜಾಗದಲ್ಲಿ ಇಟ್ಟ. ಆ ವಾರ ಮುಗಿಯುವ ಮುಂಚೆ ಅದಕ್ಕೆ ಬೇರೆಯವರು ಬರೆಸಿದರು.

"ಇದನ್ನ ನಿಲ್ಲಿಸಿಬಿಡಿ. ಮೊಳೆ, ಪೇಂಟು ಸಾಲದಾ?" ಎಂದು ಅವಳು ಅವನನ್ನು ಕೇಳಿದಳು.

"ನಾನು ನಿಲ್ಲಿಸಿದರೆ ಮುಂದಿನ ಬೀದೀಲಿ ಇನ್ನೊಬ್ಬ ಇದ್ದಾನೆ. ಅದರಾಚೆ ಇನ್ನೊಬ್ಬ. ನಿನಗೆ ಬೇಡ ಅನ್ನಿಸಿದರೆ ಪೇಂಟಿನ ಕಡೆ ಹೋಗು. ಯಾರೂ ತಪ್ಪು ತಿಳಿಯಲ್ಲ."

ದ್ವಾರಕಾನಾಥನೂ ಅದನ್ನೇ ಹೇಳಿದ. ಅವಳು ಹೋಗುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು. ಅವಳು ಹೋಗಲಿಲ್ಲ. ತಾನು ಬಿಟ್ಟರೆ ಆ ಜಾಗದಲ್ಲಿ ನಿಲ್ಲುವವನು ಏನೂ ಕೇಳದೆ ಕೊಡುತ್ತಾನೆ ಎಂದು ಗಂಡನಿಗೆ ಹೇಳಿದಳು. ಅಂದಿನಿಂದ ಅವಳು ಗಿರಾಕಿಗಳನ್ನು ಪ್ರಶ್ನೆ ಕೇಳತೊಡಗಿದಳು. ಯಾತಕ್ಕೆ? ಮನೆಯಲ್ಲಿ ಯಾರಿದ್ದಾರೆ? ಬೇಟೆಗಾದರೆ ಯಾವ ಕಡೆ, ಯಾರ ಜೊತೆ? ಫಾರಂನಲ್ಲಿ ಇಲ್ಲದ ಈ ಪ್ರಶ್ನೆಗಳಿಗೆ ಹೆಚ್ಚಿನವರು ನಗುತ್ತ ಉತ್ತರ ಕೊಡುತ್ತಿದ್ದರು. ಕೆಲವರು ರೇಗಿ ಹೊರಟುಹೋಗುತ್ತಿದ್ದರು. ಉತ್ತರ ಸರಿ ಕಾಣದಿದ್ದರೆ ಅವಳು ಸರಪಳಿ ಬಿಚ್ಚುತ್ತಿರಲಿಲ್ಲ. ಬೀಗದ ಕೈ ಸಿಗುತ್ತಿಲ್ಲ ಎಂದೋ, ಆ ತೋಟಾ ಮುಗಿದಿದೆ ಎಂದೋ ಸುಳ್ಳು ಹೇಳುತ್ತಿದ್ದಳು.

ಒಮ್ಮೆ, ಹಿಂದೆ ಬಸ್ ಡ್ರೈವರಾಗಿದ್ದ ಮುದುಕನೊಬ್ಬ ಬಂದ. ಯಾವುದಾದರೂ ಆದೀತು, ಒಂದೇ ಡಬ್ಬಿ ತೋಟಾ ಸಾಕು ಎಂದ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. "ಈಗ ಯಾರೂ ಇಲ್ಲ," ಎಂದ. ಅವಳು ಕೌಂಟರಿನಿಂದ ಹೊರಗೆ ಬಂದು ಅವನ ತೋಳು ಹಿಡಿದು ಪೇಂಟಿನ ಡಬ್ಬಿಯೊಂದರ ಮೇಲೆ ಕೂರಿಸಿದಳು. ಅವನು ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕಾಫಿ ತಂದುಕೊಟ್ಟು, ಅವನಿಂದ ಮಗಳ ಫೋನ್ ನಂಬರು ಪಡೆದು, ಆ ಮಗಳು ವ್ಯಾಲೇಹೋದಿಂದ ಬರುವವರೆಗೂ ಅವನನ್ನು ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವನು ತೋಟಕ್ಕೆ ನೀರು ಹಾಕುವ ಪೈಪು ಕೊಳ್ಳಲು ಬಂದಿದ್ದ. ಅವಳ ಕಡೆ ನೋಡಿ ತಲೆ ಆಡಿಸಿದ.

ಅಂಥದ್ದು ಒಂದೇ ಒಂದು. ಮೆಕ್ಯಾನಿಕ್ಕಿನ ಬಟ್ಟೆಯಲ್ಲಿದ್ದ ತರುಣನೊಬ್ಬನಿಗೆ ಅವಳು ಇಲ್ಲ ಎಂದಿದ್ದಳು. ಅವನು ಮೆಲ್ಲಗೆ ಬಾಗಿಲು ಮುಚ್ಚಿಕೊಂಡು ಹೋದ. ಎಷ್ಟೋ ವಾರ ಅವಳು ಪೇಪರಿನಲ್ಲಿ ಅವನ ಫೋಟೋ ಹುಡುಕಿದಳು. ಅವನು ಮುಂದಿನ ಬೀದಿಯಲ್ಲಿ ಕೊಂಡನೋ, ಕೊಂಡು ಏನು ಮಾಡಿದನೋ, ಬರೀ ಬಾತುಕೋಳಿ ಹೊಡೆಯುವವನಾಗಿದ್ದನೋ ಗೊತ್ತಾಗಲೇ ಇಲ್ಲ. ಇದು ಅವಳನ್ನು ತಿನ್ನುತ್ತಿತ್ತು. ಮುಖ ನೋಡಿ ಹೇಳಬಲ್ಲೆ ಎಂಬ ನಂಬಿಕೆ ಅವಳಿಗೆ ಉಳಿದಿರಲಿಲ್ಲ. ನೋಡುವುದನ್ನು ಬಿಡಲೂ ಆಗುತ್ತಿರಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ತಲೆ ಬೇಗ ಬೆಳ್ಳಗಾಯಿತು. ಮೈಥಿಲಿಗೆ ತಡವಾದರೆ ರಸ್ತೆಗೆ ಬಂದು ನಿಲ್ಲುತ್ತಿದ್ದಳು.

1989ರ ಜನವರಿಯಲ್ಲಿ, ಪೂರ್ವದ ಕಣಿವೆಯ ಊರೊಂದರಲ್ಲಿ, ಶಾಲೆಯ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಮೇಲೆ ಒಬ್ಬ ಗುಂಡು ಹಾರಿಸಿದ. ಸತ್ತ ಮಕ್ಕಳು ಏಷ್ಯಾದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳು. ಇನ್ನು ಬಂದೂಕು ಸಿಗುವುದು ಕಷ್ಟವಾಗುತ್ತದೆ, ಕಾನೂನು ಬರುತ್ತದೆ ಎಂಬ ಮಾತು ಹಬ್ಬಿದ್ದೇ ತಡ, ಜನ ಹಾರ್ಡ್‌ವೇರ್ ಅಂಗಡಿಗಳಿಗೆ ನುಗ್ಗಿದರು. ಫ್ರೇಟಾಸನ ಅಂಗಡಿಯಲ್ಲಿ ಸಾಲು ಪೇಂಟು ದಾಟಿ, ಮೊಳೆ ದಾಟಿ, ಬಾಗಿಲಿನವರೆಗೆ ಬಂದಿತ್ತು. ಸತ್ಯವತಿ ಮೊದಲನೆಯವನನ್ನು ಕೇಳುತ್ತಿದ್ದಳು: ಯಾತಕ್ಕೆ? ಹಿಂದಿದ್ದವರು ಗೊಣಗಿದರು.

ಫ್ರೇಟಾಸ್ ಬಂದು ಅವಳ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದ: "ಇವತ್ತು ಪ್ರಶ್ನೆ ಬೇಡ ಸತ್ಯಾ. ಎರಡು ವರ್ಷ ನಾನು ನೋಡಿಯೂ ನೋಡದ ಹಾಗೆ ಇದ್ದೆ. ಇವತ್ತು ಬೇಡ."

"ಹಾಗಾದರೆ ನಾನೂ ಬೇಡ," ಎಂದಳು. ಏಪ್ರನ್ ಬಿಚ್ಚಿ, ಮಡಿಸಿ ಗಾಜಿನ ಮೇಲಿಟ್ಟು, ಆ ಸಾಲಿನ ಪಕ್ಕದಲ್ಲೇ ನಡೆದು ಹೊರಗೆ ಬಂದಳು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಗೋಡೆಯಲ್ಲಿ ಇನ್ನೂ ಎಷ್ಟು ಉಳಿದಿವೆ ಎಂಬ ಕಡೆಗಿತ್ತು. ಒಂದು ತಿಂಗಳ ಮೇಲೆ ಅವಳಿಗೆ ಸ್ಕೂಲೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು.

ಆ ವರ್ಷದ ಅಕ್ಟೋಬರಿನಲ್ಲಿ ನಿರುಪಮಾ ಫ್ರೀಮಾಂಟಿನ ಮನೆಯ ಮಾರಾಟದ ಕಾಗದಕ್ಕೆ ಸಹಿ ಹಾಕಲು ಬಂದಳು. ಮಗಳನ್ನು ನ್ಯೂಜೆರ್ಸಿಯಲ್ಲಿ ಅಕ್ಕನ ಹತ್ತಿರ ಬಿಟ್ಟಿದ್ದಳು. ಲ್ಯಾಬಿನ ಕೆಲಸ ಅವಳಿಗೆ ಮತ್ತೆ ಆಗಲಿಲ್ಲ. ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಫೋನು ತೆಗೆದುಕೊಳ್ಳುತ್ತಿದ್ದಳು. ಹೋಟೆಲಿನಲ್ಲಿ ಇಳಿಯುತ್ತೇನೆ ಎಂದವಳನ್ನು ಸತ್ಯವತಿ ಮನೆಗೆ ಕರೆದುಕೊಂಡು ಬಂದಳು.

ಊಟಕ್ಕೆ ಕೂತಾಗ ನಿರುಪಮಾ ಎಡಗೈಯನ್ನು ಅನ್ನದ ಹತ್ತಿರ ಒಯ್ದು, ಹಿಂದೆ ತೆಗೆದುಕೊಂಡು, "ಎಡಗೈಲಿ ತಿನ್ನೋದು ನೋಡಿ ಬೇಜಾರು ಮಾಡ್ಕೋಬೇಡಿ," ಎಂದಳು. ಮೂರು ವರ್ಷವಾದರೂ ಅವಳು ಪ್ರತಿಯೊಬ್ಬರ ಮನೆಯಲ್ಲೂ ಇದನ್ನು ಹೇಳುತ್ತಿದ್ದಳಂತೆ. ದ್ವಾರಕಾನಾಥ ತಲೆ ತಗ್ಗಿಸಿ ತನ್ನ ತಟ್ಟೆ ನೋಡಿಕೊಂಡ. ಸತ್ಯವತಿ ಸಾರು ಬಡಿಸಿ, ಕಲೆಸಲು ಸುಲಭವಾಗಲೆಂದು ಅನ್ನವನ್ನು ಸ್ವಲ್ಪ ಬಿಡಿಸಿಕೊಟ್ಟಳು.

ಮಾರನೆಯ ಬೆಳಗ್ಗೆ ಏರ್‌ಪೋರ್ಟಿಗೆ ಬಿಡಲು ಹೋಗುವಾಗ ಫ್ರೀವೇಯಲ್ಲಿ ಕಾರುಗಳು ನಿಂತು ನಿಂತು ಸಾಗುತ್ತಿದ್ದವು. ನಿರುಪಮಾ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

"ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳೋಕೆ ಬಂದೆ ಅನ್ಕೋಬೇಡಿ ಸತ್ಯಕ್ಕ. ಕೆಲವು ದಿನ ಇರತ್ತೆ. ಕೆಲವು ದಿನ ಇರಲ್ಲ."

"ಇರ್ಲಿ," ಎಂದಳು ಸತ್ಯವತಿ.

"ನೀವು ಬಂದು ಹೇಳದೇ ಇದ್ದಿದ್ರೆ ಅವರು ಬರ್ಕ್ಲಿಗೇ ಬರ್ತಿದ್ರೇನೋ. ಆಗ ಮಗು ಮನೇಲಿರ್ತಿತ್ತೇನೋ. ಅದೂ ಯೋಚನೆ ಬರತ್ತೆ. ಯಾವುದೂ ಗೊತ್ತಿಲ್ಲ."

ಏರ್‌ಪೋರ್ಟಿನಲ್ಲಿ ಅವಳು ಪೆಟ್ಟಿಗೆ ಇಳಿಸಿಕೊಟ್ಟಳು. ನಿರುಪಮಾ ಚೀಲದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಎಡಹೆಗಲಿಗೆ ಏರಿಸಿಕೊಂಡಳು. ಸಹಾಯಕ್ಕೆ ಚಾಚಿದ ಕೈಗೆ ಬೇಡ ಎಂದು ತಲೆಯಾಡಿಸಿ, ಒಳಗೆ ಹೋದಳು. ಹಿಂದಿನ ಕಾರಿನವನು ಹಾರನ್ ಹೊಡೆಯುವವರೆಗೂ ಸತ್ಯವತಿ ಅಲ್ಲೇ ನಿಂತಿದ್ದಳು. ಆಮೇಲೆ ಹೊರಟಳು. ಸ್ಕೂಲಿನ ಅಡುಗೆಮನೆಯಲ್ಲಿ ಮಕ್ಕಳ ಊಟದ ಹೊತ್ತಾಗುತ್ತಿತ್ತು.